ಅಪ್ಪನ ಖಾತೆಯಲ್ಲಿ ಮಗು: ಮೊಬೈಲ್‌ನಲ್ಲಿ ಮಕ್ಕಳನ್ನು ಕಾಯುವ ಕಾನೂನನ್ನು ಬಳಸುವುದು ಹೇಗೆ?

ಡಿಸೆಂಬರ್ ಬಂತೆಂದರೆ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲಗಳು ಬರತೊಡಗುತ್ತವೆ. ಅಲ್ಲಿಂದ ಬೇಸಿಗೆ ಮುಗಿಯುವವರೆಗೆ ರೈತರು, ದಲಾಲರು, ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಯಾರೂ ಹೊತ್ತಿಗೆ ಸರಿಯಾಗಿ ಮನೆ ಸೇರುವುದಿಲ್ಲ. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ (ಕೈಯಿಂದ ಮಾಡುವ ಪರಾಗಸ್ಪರ್ಶ) ನಡೆಯುವ ದಿನಗಳಲ್ಲೂ ಹೀಗೆಯೇ. ಹಾವೇರಿಯ ನೌಕರರ ಮನೆಗಳಲ್ಲಿ ಕಾರಣ ಬೇರೆ, ಪರಿಣಾಮ ಒಂದೇ: ಶಾಲೆ ಬಿಟ್ಟು ಬಂದ ಮಗು, ಖಾಲಿ ಮನೆ, ಕೈಯಲ್ಲೊಂದು ಫೋನು. ಹೋಮ್‌ವರ್ಕ್ ವಾಟ್ಸ್‌ಆ್ಯಪ್‌ಗೇ ಬರುವುದರಿಂದ ಫೋನು ಕೊಡಬೇಡಿ ಎಂಬ ಉಪದೇಶಕ್ಕೆ ಅರ್ಥ ಉಳಿದಿಲ್ಲ.

ಪಾಲಕರ ಪ್ರಶ್ನೆ ಸಾಮಾನ್ಯವಾಗಿ ಒಂದೇ. “ಸರಕಾರ ಇದನ್ನೆಲ್ಲ ಬಂದ್ ಯಾಕ ಮಾಡಂಗಿಲ್ರೀ?” ನ್ಯಾಯವಾದ ಪ್ರಶ್ನೆ. ಆದರೆ ಕಾನೂನು ಈಗಾಗಲೇ ಸಾಕಷ್ಟಿದೆ. ನಮ್ಮ ಮನೆಯ ಮಗು ಅದರ ಕಣ್ಣಿಗೆ ಬೀಳುತ್ತಿಲ್ಲ ಎಂಬುದೇ ತೊಡಕು. ಕಾನೂನಿಗೆ ಮಗು ಕಾಣುವುದು ಎರಡು ಕಡೆ ಮಾತ್ರ: ಖಾತೆಯಲ್ಲಿ ಬರೆದ ಹುಟ್ಟಿದ ದಿನಾಂಕದಲ್ಲಿ, ಮತ್ತು ನೀವು ಬರೆದುಕೊಟ್ಟ ದೂರಿನಲ್ಲಿ. ಈ ಲೇಖನ ಆ ಎರಡರ ಬಗ್ಗೆ.

ಬಂದ್ ಮಾಡಿದರೆ ಸಾಲದೇ?

ಪ್ರಯತ್ನ ಆಗಿದೆ. 2015ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ 857 ಅಶ್ಲೀಲ ತಾಣಗಳನ್ನು ತಡೆಯಲು ಹೇಳಿತು, ಕೆಲವೇ ದಿನಗಳಲ್ಲಿ ಆದೇಶವನ್ನು ಸಡಿಲಿಸಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಬಳಿಕ 827 ತಾಣಗಳಿಗೆ ತಡೆ ಬಿತ್ತು. ಅದೇ ತಾಣಗಳು ಹೆಸರಿನ ಒಂದಕ್ಷರ ಬದಲಿಸಿಕೊಂಡು ಮರಳಿ ಬಂದವು. ಇಷ್ಟಕ್ಕೂ ಮಕ್ಕಳಿಗೆ ಕಾಟ ಕೊಡುವವರು ಹೆಚ್ಚಾಗಿ ಬರುವುದು ಆ ತಾಣಗಳಿಂದಲ್ಲ. ಆಟದ ಚಾಟ್, ಇನ್‌ಸ್ಟಾಗ್ರಾಂ ಮೆಸೇಜು, ಗುರುತಿಲ್ಲದ ವಾಟ್ಸ್‌ಆ್ಯಪ್ ನಂಬರು ಇಂಥ ನಿತ್ಯದ ಬಾಗಿಲುಗಳಿಂದ.

ವಯಸ್ಸಿನ ಮಿತಿ ಹಾಕುವುದು ಇನ್ನೊಂದು ದಾರಿ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಒಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳದಂತೆ ಮಾಡಿದೆ. ತಪ್ಪಿದರೆ ದಂಡ ಕಂಪನಿಗೆ, ಮಗುವಿಗಾಗಲಿ ಪಾಲಕರಿಗಾಗಲಿ ಅಲ್ಲ. ನಮ್ಮಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ಆಲಿಸುವಾಗ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಜಿ. ನರೇಂದರ್ ಮತ್ತು ವಿಜಯಕುಮಾರ ಎ. ಪಾಟೀಲರ ಪೀಠ, ಶಾಲಾ ಮಕ್ಕಳಿಗೆ ಸಾಮಾಜಿಕ ಜಾಲತಾಣ ನಿಷೇಧಿಸಿದರೆ ಒಳ್ಳೆಯದು, ಬಳಕೆಗೆ ವಯೋಮಿತಿ ಬೇಕು ಎಂಬ ಅಭಿಪ್ರಾಯವನ್ನು ಮೌಖಿಕವಾಗಿ ಹೇಳಿತ್ತು. ಅದು ಆದೇಶವಲ್ಲ, ಆದರೂ ಚರ್ಚೆ ಆರಂಭವಾಯಿತು. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಗು ಎಂದು ಕರೆಯಿತು. ಅವರ ಮಾಹಿತಿ ಬಳಸಲು ಪಾಲಕರ ಖಚಿತ ಒಪ್ಪಿಗೆ ಬೇಕು, ಅವರ ಬೆನ್ನುಹತ್ತಿ ಜಾಹೀರಾತು ತೋರಿಸುವಂತಿಲ್ಲ, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳಿಗೆ ಸಿದ್ಧವಾಗಲು 18 ತಿಂಗಳ ಅವಧಿ ಕೊಡಲಾಗಿದೆ.

ಇವೆಲ್ಲ ಒಳ್ಳೆಯ ಕಟ್ಟಳೆಗಳೇ. ಆದರೆ ನಮ್ಮ ಊರುಗಳಲ್ಲಿ ಮಗು ನೋಡುತ್ತಿರುವುದು ಅಪ್ಪನ ಫೋನು, ಅಪ್ಪನ ಸಿಮ್ಮು, ಅಪ್ಪನ ಜಿಮೇಲು. ಕಂಪನಿಯ ಲೆಕ್ಕದಲ್ಲಿ ಅಲ್ಲಿ ಕುಳಿತವರು ನಲವತ್ತು ದಾಟಿದ ಮೆಣಸಿನಕಾಯಿ ವ್ಯಾಪಾರಿ. ಹಾಗಾಗಿ ನಲವತ್ತು ದಾಟಿದವರಿಗೆ ತೋರಿಸುವುದನ್ನೇ ಏಳನೆಯ ತರಗತಿಯ ಹುಡುಗಿಗೂ ತೋರಿಸುತ್ತದೆ. ಯಾವ ದೇಶದ ಯಾವ ಕಾಯ್ದೆಯೂ ಈ ಮಗುವನ್ನು ಹುಡುಕಿಕೊಂಡು ಬರಲಾರದು.

ಮೊದಲು ಖಾತೆಯ ವಯಸ್ಸು ಸರಿಪಡಿಸಿ

ಮಗುವಿಗೆ ಸ್ವಂತ ಫೋನು ಇದ್ದರೆ ಕೆಲಸ ಸುಲಭ. ನಿಜವಾದ ಹುಟ್ಟಿದ ದಿನಾಂಕ ಹಾಕಿ ಮಗುವಿನ ಹೆಸರಲ್ಲೇ ಗೂಗಲ್ ಖಾತೆ ತೆರೆಯಿರಿ. ನಿಮ್ಮ ಫೋನಿಗೆ ಗೂಗಲ್ ಫ್ಯಾಮಿಲಿ ಲಿಂಕ್ ಎಂಬ ಉಚಿತ ಆ್ಯಪ್ ಹಾಕಿಕೊಂಡು ಆ ಖಾತೆಯನ್ನು ಜೋಡಿಸಿ. ಹೊಸ ಆ್ಯಪ್ ಇಳಿಸಿಕೊಳ್ಳಲು ಮಗು ನಿಮ್ಮ ಒಪ್ಪಿಗೆ ಕೇಳುವಂತೆ ಮಾಡಬಹುದು, ರಾತ್ರಿ ಫೋನು ಮುಚ್ಚುವ ಹೊತ್ತನ್ನೂ ಗೊತ್ತುಮಾಡಬಹುದು.

ಇನ್‌ಸ್ಟಾಗ್ರಾಂಗೆ ಕನಿಷ್ಠ ವಯಸ್ಸು 13. ಅದಕ್ಕೂ ಚಿಕ್ಕವರಿಗೆ ಖಾತೆ ಬೇಡ, ವಾದವೂ ಬೇಡ. 13 ದಾಟಿದವರು ನಿಜ ವಯಸ್ಸು ಕೊಟ್ಟರೆ ಅವರ ಖಾತೆ ತಾನಾಗಿ ‘ಟೀನ್ ಅಕೌಂಟ್’ ಆಗುತ್ತದೆ. ಈ ವ್ಯವಸ್ಥೆ ಭಾರತದಲ್ಲಿ 2025ರ ಫೆಬ್ರುವರಿಯಿಂದ ಇದೆ. ಖಾತೆ ಖಾಸಗಿಯಾಗಿರುತ್ತದೆ, ಪರಿಚಯವಿಲ್ಲದವರ ಮೆಸೇಜು ಬರುವುದಿಲ್ಲ, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಸೂಚನೆಗಳು ಸದ್ದು ಮಾಡುವುದಿಲ್ಲ. 16ರ ಒಳಗಿನವರು ಇವನ್ನು ಸಡಿಲಿಸಬೇಕಾದರೆ ಪಾಲಕರ ಒಪ್ಪಿಗೆ ಬೇಕು. ಒಂದು ಸುಳ್ಳು ಜನ್ಮದಿನಾಂಕ ಹಾಕಿದರೆ ಇಷ್ಟೂ ಕಾವಲು ಒಟ್ಟಿಗೇ ಹೋಗುತ್ತದೆ. ಬಹಳ ಮನೆಗಳಲ್ಲಿ ಆ ಸುಳ್ಳು ದಿನಾಂಕ ತುಂಬಿದವರು ಅಣ್ಣ ಅಥವಾ ಸೋದರಮಾವ. ಮಗು ಹಟ ಹಿಡಿದಿತ್ತು, ಅವರು ಪ್ರೀತಿಯಿಂದ ಮಾಡಿಕೊಟ್ಟರು. ಬೈಯುವ ಅಗತ್ಯವಿಲ್ಲ, ತಿದ್ದಿಸಿದರೆ ಸಾಕು.

ಇಡೀ ಮನೆಗೆ ಒಂದೇ ಫೋನು ಇದ್ದರೆ? ಇದೇ ಹೆಚ್ಚಿನವರ ಸ್ಥಿತಿ, ಮಾರ್ಗದರ್ಶಿಗಳು ಸಾಮಾನ್ಯವಾಗಿ ಮರೆಯುವುದೂ ಇದನ್ನೇ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಇನ್ನೊಬ್ಬ ಬಳಕೆದಾರರನ್ನು ಸೇರಿಸುವ ಸೌಲಭ್ಯವಿದೆ. ಸೆಟ್ಟಿಂಗ್ಸ್‌ನಲ್ಲಿ ‘ಯೂಸರ್ಸ್’ ಎಂದು ಹುಡುಕಿ. ಸಿಕ್ಕರೆ ಮಗುವಿಗೆ ಅದೇ ಫೋನಿನಲ್ಲಿ ಬೇರೆಯೇ ಜಾಗ ಆಗುತ್ತದೆ. ಸಿಗದಿದ್ದರೆ ಇಷ್ಟು ಮಾಡಿ. ಫೋನ್‌ಪೇ, ಗೂಗಲ್‌ಪೇ, ವಾಟ್ಸ್‌ಆ್ಯಪ್, ಗ್ಯಾಲರಿಗೆ ಆ್ಯಪ್ ಲಾಕ್ ಹಾಕಿ. ಪ್ಲೇ ಸ್ಟೋರ್‌ನಲ್ಲಿ ಪೇರೆಂಟಲ್ ಕಂಟ್ರೋಲ್ಸ್ ಆನ್ ಮಾಡಿ, ಮಗುವಿಗೆ ಗೊತ್ತಿಲ್ಲದ ಪಿನ್ ಇಡಿ, ಪ್ರತಿ ಖರೀದಿಗೂ ಗುರುತು ಕೇಳುವಂತೆ ಮಾಡಿ. ಯೂಟ್ಯೂಬ್‌ನಲ್ಲಿ ರಿಸ್ಟ್ರಿಕ್ಟೆಡ್ ಮೋಡ್ ಆನ್ ಮಾಡಿ. ಅದು ಪೂರ್ತಿ ಸೋಸುವುದಿಲ್ಲ ಎಂಬುದು ನೆನಪಿರಲಿ. ವಾಟ್ಸ್‌ಆ್ಯಪ್‌ನ ಪ್ರೈವಸಿಯಲ್ಲಿ ಗ್ರೂಪಿಗೆ ಸೇರಿಸುವ ಅಧಿಕಾರವನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಇಳಿಸಿ, ಅಪರಿಚಿತರ ಕರೆಗಳನ್ನು ಮೌನವಾಗಿಸಿ. ಹೋಮ್‌ವರ್ಕ್ ವಿಡಿಯೊ ನೋಡುವಾಗ ‘ಆ್ಯಪ್ ಪಿನ್ನಿಂಗ್’ ಬಳಸಿ, ಹೊರಬರಲು ಪಿನ್ ಕೇಳುವ ಆಯ್ಕೆ ಆನ್ ಮಾಡಿದರೆ ಪಿನ್ ಇಲ್ಲದೆ ಆ ಆ್ಯಪ್‌ನಿಂದ ಹೊರಗೆ ಬರಲಾಗದು.

ಹಣ ಹೂಡುವ ಆಟಗಳ ಬಗ್ಗೆ ಒಂದೇ ಮಾತು. 2025ರ ಆಗಸ್ಟ್‌ನ ಕಾಯ್ದೆ ಅವನ್ನು ದೇಶದಾದ್ಯಂತ ನಿಷೇಧಿಸಿದೆ. ಹಾಗಾಗಿ ಯಾರಾದರೂ ಲಿಂಕ್ ಕಳಿಸಿ ‘ಆಡು, ಗೆಲ್ಲು’ ಎಂದರೆ ಕಳಿಸಿದವರು ಕಾನೂನಿನ ಆಚೆಗಿನವರು ಎಂದೇ ತಿಳಿಯಿರಿ.

ಕಾಟ ಶುರುವಾದಾಗ: ಮೊದಲ ದಿನದ ಕೆಲಸ

ಕಂಪನಿಗಳಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನಲ್ಲಿ ಒಂದು ರಕ್ಷಣೆ ಇದೆ: ಬೇರೆಯವರು ಹಾಕಿದ್ದಕ್ಕೆ ಅವು ನೇರ ಹೊಣೆಯಲ್ಲ. ನಿಯಮ ಪಾಲಿಸದಿದ್ದರೆ ಆ ರಕ್ಷಣೆ ಹೋಗುತ್ತದೆ. 2021ರ ಫೆಬ್ರುವರಿಯ ನಿಯಮಗಳ ಪ್ರಕಾರ, ಒಬ್ಬರ ಬೆತ್ತಲೆ ಚಿತ್ರ ಅಥವಾ ತಿರುಚಿದ ಚಿತ್ರದ ಬಗ್ಗೆ ಆ ವ್ಯಕ್ತಿ ಅಥವಾ ಅವರ ಪರವಾಗಿ ಯಾರಾದರೂ ದೂರು ಕೊಟ್ಟರೆ, ತೆಗೆಯಲು 24 ಗಂಟೆ ಮೀರುವಂತಿರಲಿಲ್ಲ; 2026ರ ಫೆಬ್ರುವರಿಯ ತಿದ್ದುಪಡಿ ಈ ಗಡುವನ್ನು 2 ಗಂಟೆಗೆ ಇಳಿಸಿದೆ. ಇದಕ್ಕೆ ಕೋರ್ಟಿನ ಆದೇಶ ಬೇಕಿಲ್ಲ. ಆದರೆ ದೂರು ಬೇಕೇ ಬೇಕು. ಆದ್ದರಿಂದ ಈ ಕ್ರಮದಲ್ಲಿ ಹೋಗಿ.

1. ಮಗುವಿನ ಮಾತು ಮೊದಲು ಕೇಳಿ. ಬೆದರಿಸುವವನ ಬಂಡವಾಳವೆಲ್ಲ ಒಂದೇ: ‘ನಿಮ್ಮ ಮನೆಯವರಿಗೆ ಹೇಳುತ್ತೇನೆ’. ಮನೆಯವರಿಗೆ ಗೊತ್ತಾಗಿಯೂ ಮನೆಯವರು ಬೈಯಲಿಲ್ಲ ಎಂದಾದ ಕ್ಷಣ ಅವನ ಅರ್ಧ ಬಲ ಮುಗಿಯಿತು. “ನಾ ಬೈಯಂಗಿಲ್ಲ, ಹೊಡಿಯಂಗಿಲ್ಲ. ಏನಾತು ಹೇಳವ್ವಾ, ನಾ ಅದೀನಿ.” ಇಷ್ಟು ಹೇಳಿ ಸುಮ್ಮನೆ ಕುಳಿತುಕೊಳ್ಳಿ. ಮಗು ತಾನೇ ಚಿತ್ರ ಕಳಿಸಿದ್ದರೂ ಅದು ಮೋಸಕ್ಕೆ ಒಳಗಾದ ಮಗು, ಆರೋಪಿಯಲ್ಲ.

2. ಹಣ ಕಳಿಸಬೇಡಿ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಏರುತ್ತದೆ. ಈಗಾಗಲೇ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಬೇರೆ ಖಾತೆಗಳಿಗೆ ಹಂಚಿಹೋಗುವ ಮುನ್ನ ತಡೆಹಿಡಿಯುವುದು ಮೊದಲ ಗಂಟೆಗಳಲ್ಲಿ ಮಾತ್ರ ಸಾಧ್ಯ.

3. ಏನನ್ನೂ ಅಳಿಸಬೇಡಿ. ನಾಚಿಕೆಯಿಂದ ಚಾಟ್ ಅಳಿಸುವುದು, ಸಿಟ್ಟಿನಿಂದ ಫೋನು ಒಡೆಯುವುದು ಎರಡೂ ಅಪರಾಧಿಗೆ ಅನುಕೂಲ. ಬೆದರಿಕೆಯ ಮಾತು, ದಿನಾಂಕ, ಸಮಯ, ಫೋನ್ ನಂಬರು, ಹಣ ಕೇಳಿದ ಯುಪಿಐ ಐಡಿ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಪ್ರೊಫೈಲಿನಲ್ಲಿ ಕಾಣುವ ಹೆಸರು ಸಾಲದು, ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಪ್ರೊಫೈಲಿನ ಲಿಂಕನ್ನೇ ನಕಲು ಮಾಡಿಡಿ.

ಇಲ್ಲೊಂದು ಎಚ್ಚರ, ದಯವಿಟ್ಟು ನಿಧಾನವಾಗಿ ಓದಿ. ಮಗುವಿನ ಬೆತ್ತಲೆ ಚಿತ್ರದ ಸ್ಕ್ರೀನ್‌ಶಾಟ್ ತೆಗೆಯಬೇಡಿ, ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ, ಶಿಕ್ಷಕರಿಗಾಗಲಿ ಅಣ್ಣತಮ್ಮಂದಿರಿಗಾಗಲಿ ತೋರಿಸಲೆಂದು ರವಾನಿಸಬೇಡಿ. ಅಂಥ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಒಳ್ಳೆಯ ಉದ್ದೇಶ ಇತ್ತೆಂದು ಕಳಿಸಿದ ಪ್ರತಿ ಹಿಂದೆ ಬರುವುದಿಲ್ಲ. ಚಿತ್ರ ಬಂದ ಫೋನಿನಲ್ಲೇ ಇರಲಿ, ಆ ಫೋನನ್ನೇ ಪೊಲೀಸರಿಗೆ ತೋರಿಸಿ.

4. ಸಾಕ್ಷ್ಯ ತೆಗೆದಿಟ್ಟ ಮೇಲೆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್ ಮಾಡಿ. ಮೊದಲೇ ಬ್ಲಾಕ್ ಮಾಡಿದರೆ ಲಿಂಕು, ಚಾಟು ಸಿಗುವುದು ಕಷ್ಟವಾಗಬಹುದು. ಜೊತೆಗೆ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. ಪ್ರತಿ ದೊಡ್ಡ ಕಂಪನಿಯೂ ಭಾರತದಲ್ಲಿ ಅಂಥ ಅಧಿಕಾರಿಯನ್ನು ಇಟ್ಟು, ಹೆಸರು ವಿಳಾಸ ಪ್ರಕಟಿಸಬೇಕು. ಪತ್ರದಲ್ಲಿ ಮಗುವಿನ ವಯಸ್ಸು ಸ್ಪಷ್ಟವಾಗಿರಲಿ. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

5. ಚಿತ್ರ ಹರಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಸೇವೆ ಬಳಸಿ. 2023ರ ಫೆಬ್ರುವರಿಯಲ್ಲಿ ಅಮೆರಿಕದ ನಾಪತ್ತೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ ಆರಂಭಿಸಿದ ಈ ಸೇವೆ ಉಚಿತ, ಬೇರೆ ದೇಶದವರಿಗೂ ತೆರೆದಿದೆ. ಚಿತ್ರ ನಿಮ್ಮ ಫೋನು ಬಿಟ್ಟು ಹೋಗುವುದಿಲ್ಲ. ಅದರಿಂದ ಲೆಕ್ಕಹಾಕಿದ ಒಂದು ಸಂಕೇತ ಸಂಖ್ಯೆ ಮಾತ್ರ ಹೋಗುತ್ತದೆ. ಜೊತೆಗೂಡಿದ ಜಾಲತಾಣಗಳು, ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಸೇರಿ, ಅದೇ ಸಂಖ್ಯೆಯ ಚಿತ್ರ ಬಂದರೆ ತಡೆಯುತ್ತವೆ. ವಾಟ್ಸ್‌ಆ್ಯಪ್‌ನ ಗೂಢಲಿಪಿ ಸಂದೇಶಗಳ ಒಳಗೆ ಇದು ನಡೆಯುವುದಿಲ್ಲ.

6. ಪೊಲೀಸರಿಗೆ ದೂರು ಕೊಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗವಿದೆ. ಹೆಸರು ಹೇಳದೆಯೂ ಕೊಡಬಹುದು, ಆದರೆ ಅಂಥ ದೂರಿನ ಮುಂದಿನ ಸ್ಥಿತಿ ನಿಮಗೆ ತಿಳಿಯುವುದಿಲ್ಲ. ಸ್ವಂತ ಮಗುವಿನ ವಿಷಯವಾದರೆ ‘ರಿಪೋರ್ಟ್ ಆ್ಯಂಡ್ ಟ್ರ್ಯಾಕ್’ ಆರಿಸಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಡಗಿ ಪೇಟೆಯಲ್ಲಿ ಲಾಟ್ ನಂಬರ್ ಇಲ್ಲದ ಚೀಲಕ್ಕೆ ಟೆಂಡರ್ ಬೀಳುವುದಿಲ್ಲ. ಸ್ವೀಕೃತಿ ಸಂಖ್ಯೆ ಇಲ್ಲದ ದೂರಿನ ಗತಿಯೂ ಅದೇ.

ಠಾಣೆಯಲ್ಲಿ ನಿಮ್ಮ ಹಕ್ಕು

ಜಿಲ್ಲೆಗೊಂದು ಸೈಬರ್, ಆರ್ಥಿಕ ಮತ್ತು ಮಾದಕ ಅಪರಾಧ ಠಾಣೆ ಇದೆ, ಜನ ಅದನ್ನು ಸಿಇಎನ್ ಠಾಣೆ ಎನ್ನುತ್ತಾರೆ. ನಮ್ಮದು ಹಾವೇರಿಯಲ್ಲಿದೆ. ಹಾಗೆಂದು ರಾಣೆಬೆನ್ನೂರಿನವರೋ ಬ್ಯಾಡಗಿಯವರೋ ಹಾವೇರಿಗೇ ಹೋಗಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ‘ನಮ್ಮ ವ್ಯಾಪ್ತಿ ಅಲ್ಲ’ ಎಂಬ ಉತ್ತರ ಕಾನೂನಿಗೆ ಒಪ್ಪುವುದಿಲ್ಲ.

ಮಗುವಿಗೆ ಲೈಂಗಿಕ ಕಿರುಕುಳ ಎಂದಾದರೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಆನ್‌ಲೈನ್‌ನಲ್ಲಿ ಬೆನ್ನುಹತ್ತುವುದು, ಅಶ್ಲೀಲ ತೋರಿಸುವುದು, ಚಿತ್ರ ಹರಡುವೆನೆಂದು ಬೆದರಿಸುವುದು ಎಲ್ಲವೂ ಅದರ 11ನೇ ಕಲಮಿನಲ್ಲಿವೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿ ಪಡೆಯಬೇಕು, ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 24 ಗಂಟೆಯೊಳಗೆ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ತಲುಪಬೇಕು. ದೂರು ದಾಖಲಿಸದೆ ಇರುವುದೇ 21ನೇ ಕಲಮಿನಲ್ಲಿ ಶಿಕ್ಷಾರ್ಹ. ಹೆಚ್ಚಿನ ಅಧಿಕಾರಿಗಳು ಈ ವಿಷಯದಲ್ಲಿ ಮೃದುವಾಗಿಯೇ ನಡೆದುಕೊಳ್ಳುತ್ತಾರೆ. ಆದರೂ ಹಕ್ಕು ಗೊತ್ತಿದ್ದರೆ ಕೇಳುವ ದನಿ ಗಟ್ಟಿಯಾಗುತ್ತದೆ. ಠಾಣೆಯವರು ದೂರು ಪಡೆಯಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಮಗು ಅಪಾಯದಲ್ಲಿದ್ದರೆ 112, ಮಕ್ಕಳ ಸಹಾಯವಾಣಿ 1098.

ಸಾಮಾನ್ಯವಾಗಿ ಆಗುವ ತಪ್ಪುಗಳು

ಫೋನು ಕಸಿದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹೇಳಿದರೆ ಫೋನು ಹೋಗುತ್ತದೆ ಎಂದು ಗೊತ್ತಾದ ಮಗು ಮುಂದಿನ ಸಲ ಹೇಳುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶಾಲೆ ಬಿಡಿಸುತ್ತೇವೆ, ಮದುವೆಯ ಮಾತೆತ್ತುತ್ತೇವೆ. ತಪ್ಪು ಮಾಡಿದವನು ಎಲ್ಲೋ ಆರಾಮವಾಗಿರುವಾಗ ಶಿಕ್ಷೆ ಇವಳಿಗೆ. ಇದು ಅನ್ಯಾಯ, ಇದಕ್ಕೆ ಬೇರೆ ಹೆಸರಿಲ್ಲ.

ಮರ್ಯಾದೆಗೆ ಅಂಜಿ ಹಿರಿಯರ ಸಮ್ಮುಖದಲ್ಲಿ ರಾಜಿ ಮಾಡಿಕೊಳ್ಳುವುದು ಇನ್ನೊಂದು. ಪೋಕ್ಸೊ ಪ್ರಕಾರ ವಿಷಯ ತಿಳಿದವರು ವರದಿ ಮಾಡಲೇಬೇಕು. ಶಿಕ್ಷಕರಿಗೂ ವೈದ್ಯರಿಗೂ ಇದು ಅನ್ವಯ. ರಾಜಿ ಮಾಡಿಸಿದ ಹಿರಿಯರೇ ತೊಂದರೆಗೆ ಸಿಲುಕಬಹುದು.

‘ಮಗುವಿಗೆ ನ್ಯಾಯ ಸಿಗಲಿ’ ಎಂದು ಮಗುವಿನ ಹೆಸರು, ಶಾಲೆ, ಫೋಟೊ ಸಹಿತ ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದೂ ಅಪರಾಧವೇ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದನ್ನು ತಡೆಯುತ್ತದೆ.

ಗಂಡುಮಕ್ಕಳ ಮನೆಯವರಿಗೂ ಒಂದು ಮಾತು ಹೇಳಬೇಕು. ಸಹಪಾಠಿಯ ಫೋಟೊವನ್ನು ಆ್ಯಪ್‌ನಲ್ಲಿ ತಿರುಚುವುದು ಈಗ ಅರ್ಧ ನಿಮಿಷದ ಕೆಲಸ. ಅದನ್ನು ತಮಾಷೆ ಎಂದುಕೊಂಡ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ. ವಯಸ್ಕರಾದರೆ 67ಬಿ ಅಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಸಜೆ, 10 ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳ ಅಶ್ಲೀಲ ದೃಶ್ಯವನ್ನು ಹಂಚದೆ ಇಟ್ಟುಕೊಂಡರೂ ಅಪರಾಧವಾಗಬಲ್ಲದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿದೆ. ‘ಗ್ರೂಪಿನಲ್ಲಿ ಬಂದಿತ್ತು, ನಾನು ಬರೀ ನೋಡಿದೆ’ ಎಂಬ ಮಾತು ಇನ್ನು ಆಸರೆಯಾಗದು. ಮಗಳಿಗೆ ಎಚ್ಚರಿಕೆ ಹೇಳುವಷ್ಟೇ ಹೊತ್ತು ಮಗನ ಜೊತೆಗೂ ಕುಳಿತು ಮಾತಾಡಿ.

ದೂರಿನ ಆಮೇಲೆ

ಚಿತ್ರ ತೆಗೆಸಿದ ಮರುದಿನವೇ ಮಗು ಮೊದಲಿನಂತಾಗುವುದಿಲ್ಲ. ಊಟ ಬಿಡುವುದು, ಶಾಲೆಗೆ ಹೋಗಲೊಲ್ಲೆ ಎನ್ನುವುದು, ರಾತ್ರಿ ಎದ್ದು ಕೂರುವುದು ಕಂಡರೆ ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಹತ್ತಿರದ ದೊಡ್ಡ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಫೋನಿನ ಗೀಳೇ ಸಮಸ್ಯೆಯಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಅದಕ್ಕೆಂದೇ ಶಟ್ ಎಂಬ ಚಿಕಿತ್ಸಾಲಯ ನಡೆಸುತ್ತಿದೆ.

ಕೊನೆಯದಾಗಿ, ಇದು ಒಂದೊಂದೇ ಮನೆ ಹೊರುವ ಭಾರವಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. 2016ರ ರಾಜ್ಯ ಮಕ್ಕಳ ರಕ್ಷಣಾ ನೀತಿಯಂತೆ ಶಾಲೆಗಳಿಗೂ ಮಕ್ಕಳ ಸುರಕ್ಷತೆಯ ಹೊಣೆ ಇದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮುಂದಿನ ಸಭೆಯಲ್ಲಿ ಎರಡೇ ಬೇಡಿಕೆ ಇಡಿ: ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅಡ್ಮಿನ್‌ಗಳಷ್ಟೇ ಮೆಸೇಜು ಹಾಕುವಂತಿರಲಿ, ಮತ್ತು ಸಿಇಎನ್ ಠಾಣೆಯ ಅಧಿಕಾರಿಯೊಬ್ಬರು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬಂದು ಮಕ್ಕಳ ಪ್ರಶ್ನೆಗಳಿಗೆ ನೇರ ಉತ್ತರ ಕೊಡಲಿ. ಮಕ್ಕಳ ಗ್ರಾಮಸಭೆ ನಡೆದಾಗ ನಿಮ್ಮ ಮಗು ಈ ವಿಷಯವನ್ನು ತಾನೇ ಎತ್ತುವಂತೆ ಧೈರ್ಯ ತುಂಬಿ ಕಳಿಸಿ.